ಗುಳ್ಳವ್ವನ ಬೀಗರು

ಆ ಸೋಮವಾರ ಮುಂಜಾನೆ ದುಂಡಸಿಯ ಮೇಲೆ ಯಾರೋ ಹಿಟ್ಟು ಜರಡಿ ಹಿಡಿದಂಥ ಮಳೆ. ಆಷಾಢದ ಗಾಳಿ ಆ ಜರಡಿಯನ್ನು ಅತ್ತಿತ್ತ ಅಲ್ಲಾಡಿಸುತ್ತಿತ್ತು. ಗೋವಿನಜೋಳದ ಹೊಲಗಳ ಮೇಲೆ, ಹಂಚಿನ ಮನೆಗಳ ಮೇಲೆ, ಶಿಗ್ಗಾಂವಿಗೆ ಹೊರಟ ಮೊದಲ ಬಸ್ಸಿನ ಮೇಲೆ ಸಣ್ಣ ಹನಿ ಸದ್ದಿಲ್ಲದೆ ಇಳಿಯುತ್ತಿತ್ತು. ಇಂಥ ಮಳೆಗೆ ಕೊಡೆ ಹಿಡಿದರೆ ಜನ ನಗುತ್ತಾರೆ, ಹಿಡಿಯದಿದ್ದರೆ ಅಂಗಿ ತೊಯ್ಯುತ್ತದೆ.

ತನುಜಾ ಬಾಗಿಲು ತೆರೆದಾಗ ಕಟ್ಟೆಯ ಮೇಲೆ ಹಾಲಿನ ತಂಬಿಗೆ ಇತ್ತು. ತಂದವರು ಇರಲಿಲ್ಲ.

ತಂಬಿಗೆ ಎತ್ತಿಕೊಂಡು ಒಳಗೆ ಹೋದರೆ ಹಾಲು ಸುರಿಯಲು ಅಡುಗೆಮನೆಯಲ್ಲಿ ಒಂದು ಪಾತ್ರೆಯೂ ಇಲ್ಲ. ಬಟ್ಟಲು, ಬೋಗುಣಿ, ಸಾರಿನ ಸೌಟು ಸಹ ಹಿತ್ತಲಿನಲ್ಲಿ ಸಾಲಾಗಿ ಮಳೆಗೆ ಬಾಯಿ ತೆರೆದು ಕೂತಿದ್ದವು. ಶಾಲೆಯಲ್ಲಿ ಗುರುಗಳು ಮಳೆ ಅಳೆಯುವುದು ಹೇಗೆಂದು ಹೇಳಿದ ದಿನದಿಂದ ನೀಲಿಗೆ ಮಳೆಯ ಹುಚ್ಚು. ಈಗಲೂ ಅವಳು ತಲೆಗೆ ಗೊಬ್ಬರದ ಚೀಲ ಹೊದ್ದು, ಸ್ಕೇಲು ಹಿಡಿದು, ಬೋಗುಣಿಯ ತಳದ ನೀರನ್ನು ಅಳೆಯುತ್ತಿದ್ದಳು.

ನೀಲಿ ಎಂದರೆ ನೀಲಾಂಬಿಕಾ. ಮೂರನೇ ಇಯತ್ತೆ. ಶಿವನು ಕೆಲವು ಮಕ್ಕಳಿಗೆ ಒಂದು ಜನ್ಮಕ್ಕೆ ಒಂದೇ ಮನಸ್ಸು ಕೊಟ್ಟು ಕಳಿಸುತ್ತಾನೆ. ಈ ಮಗುವಿಗೆ ಹದಿನೈದು ದಿನಕ್ಕೊಂದು ಕೊಟ್ಟಿದ್ದ. ಬೇಸಿಗೆಯಲ್ಲಿ ಅವಳು ಬಸ್ಸಿನ ಕಂಡಕ್ಟರ್ ಆಗಿದ್ದಳು. ಅಡುಗೆಮನೆಯಿಂದ ಪಡಸಾಲೆಗೆ ಬರಬೇಕಾದರೆ ಹಳೆಯ ಕ್ಯಾಲೆಂಡರಿನ ಚೂರು ಹರಿಸಿಕೊಳ್ಳಬೇಕಿತ್ತು. ಅಜ್ಜಿ ಸರೋಜವ್ವ ವಯಸ್ಸು ತೋರಿಸಿ ಅರ್ಧ ಟಿಕೆಟ್ ಕೇಳಿದರೆ ಕಾರ್ಡು ತಾ ಎಂದಿದ್ದಳು. ಆಮೇಲೆ ಕೋಳಿಗಳ ಡಾಕ್ಟರ್. ಶಾಲೆಯವರು ಆಡೂರಿಗೆ ಕರೆದುಕೊಂಡು ಹೋಗಿ ಹಳೆಯ ಕಲ್ಲಿನ ಬರಹ ತೋರಿಸಿ ತಂದ ಮೇಲೆ ಅವಳು ಶಾಸನದವಳಾದಳು. ಅರಿವೆ ಒಗೆಯುವ ಕಲ್ಲಿನ ಮೇಲೆ ಮೊಳೆಯಿಂದ ಅವ್ವನ ಹೆಸರು ಕೆತ್ತಿ, ಸೀರೆಯೊಂದು ಸಿಕ್ಕಿ ಹರಿಯುವಂತೆ ಮಾಡಿದ್ದಳು. ಅದೂ ಹೋಯಿತು. ಬಂದ ಹುಚ್ಚು ಹೋದಾಗ ಅವಳು ಹಿಂತಿರುಗಿ ನೋಡುತ್ತಿರಲಿಲ್ಲ. ತನುಜಾ ಗಂಡ ಬಸವೇಶನ ಮುಂದೆ ಇದನ್ನು ಹೇಳಿಕೊಂಡರೆ ಅವನು ನಗುತ್ತಿದ್ದ. ಶಿಗ್ಗಾಂವಿಯ ಬೀಜದ ಅಂಗಡಿಯಲ್ಲಿ ದಿನವೆಲ್ಲ ರೈತರ ಮಾತು ಕೇಳಿ ಬಂದವನಿಗೆ, ಬೆಳೆ ಬದಲಿಸಿದರೆ ನೆಲಕ್ಕೆ ಒಳ್ಳೆಯದೆಂಬ ಒಂದೇ ಉತ್ತರ ಗೊತ್ತಿತ್ತು.

ಆದರೆ ನೀಲಿಯ ಪ್ರತಿ ಹುಚ್ಚಿಗೂ ತಪ್ಪದೆ ಒಬ್ಬ ಗಿರಾಕಿ ಇದ್ದ. ಅವನೇ ಉಳಿವೆಪ್ಪಜ್ಜ.

ಓಣಿಯ ತುದಿಯ ಮನೆ ಅವನದು. ಅವನು ಮತ್ತು ಅವನ ಎಮ್ಮೆ, ಇಬ್ಬರೇ. ಯಾಕೋ ಕಂಕಣಬಲ ಕೂಡಿಬರಲಿಲ್ಲ. ತಾಯಿ ಶಿವನ ಪಾದ ಸೇರಿದ ಮೇಲೆ ಒಲೆ ಹಚ್ಚುವವನೂ ಅವನೇ, ಉಣ್ಣುವವನೂ ಅವನೇ. ಇವರ ಹೊಲದ ಬದುವಿನ ಹುಲ್ಲು ಅವನ ಎಮ್ಮೆಗೆ, ಎಮ್ಮೆಯ ಹಾಲು ಇವರ ಮನೆಗೆ. ದಿನಾ ಮುಂಜಾನೆ ಹಾಲು ತಂದವನು ಕಟ್ಟೆಯ ಮೇಲೆ ಕುಳಿತು ಚಹಾ ಕುಡಿದು, ಆ ವಾರ ನೀಲಿ ಏನಾಗಿದ್ದಾಳೋ ಅದಕ್ಕೆ ತಕ್ಕವನಾಗಿ ಹೋಗುತ್ತಿದ್ದ. ಕಂಡಕ್ಟರ್ ಆದರೆ ಪ್ರಯಾಣಿಕ. ತಡಸಕ್ಕೆ ಟಿಕೆಟ್ ತೆಗೆಸಿದರೆ ತಡಸ ಬರುವ ತನಕ ಇಳಿಯುತ್ತಿರಲಿಲ್ಲ. ಚಹಾ ಆರಿದರೂ ಸೈ.

ಕಳೆದ ಗುರುವಾರದಿಂದ ಹಾಲು ಬರುತ್ತಿದ್ದರೂ ಅವನು ಕೂಡುತ್ತಿರಲಿಲ್ಲ. ಬೆಳಕು ಹರಿಯುವ ಮೊದಲೇ ತಂಬಿಗೆ ಇಟ್ಟು ಹೋಗಿಬಿಡುತ್ತಿದ್ದ. ನೀಲಿ ಅಳತೆಯ ನಡುವೆ ಎರಡು ಸಲ ಎದ್ದು ಬಂದು ಕಟ್ಟೆ ನೋಡಿ ಹೋದದ್ದನ್ನು ತನುಜಾ ಕಂಡಳು. ಮಗು ಏನೂ ಕೇಳಲಿಲ್ಲ. ಕೇಳಿದ್ದರೆ ತನುಜಾಳಿಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ. ಅಜ್ಜ ಮತ್ತೆ ಬಂದು ಆ ಕಟ್ಟೆಯ ಮೇಲೆ ಕೂಡಬೇಕು. ಅವಳಿಗೆ ಬೇಕಾದದ್ದು ಅಷ್ಟೇ. ಯಾಕೆ ಕೂಡುತ್ತಿಲ್ಲ ಎನ್ನುವುದು ಮಾತ್ರ ತಿಳಿದಿರಲಿಲ್ಲ. ತನ್ನಿಂದ ಏನೋ ಆಗಿದೆ ಎಂಬ ಮುಳ್ಳು ಒಳಗೆ ಮುರಿದುಕೊಂಡಿತ್ತು.

ಆದದ್ದು ಇಷ್ಟು. ಆಷಾಢದ ಮಂಗಳವಾರ ಈ ಕಡೆ ಹುಡುಗಿಯರು ಮಣ್ಣಿನಲ್ಲಿ ಗುಳ್ಳವ್ವನನ್ನು ಮಾಡಿ, ಗುಲಗಂಜಿ ಕುಸುಬಿ ಹಚ್ಚಿ ಪೂಜಿಸುತ್ತಾರೆ. ಕಳೆದ ಮಂಗಳವಾರ ನೀಲಿ ಗುಳ್ಳವ್ವನನ್ನು ಮಾಡಿದವಳು ಪೂಜೆಗೆ ನಿಲ್ಲಲಿಲ್ಲ. ಹುಡುಗಿ ದೊಡ್ಡವಳಾಗಿದ್ದಾಳೆ, ಮದುವೆ ಮಾಡಬೇಕು ಎಂದಳು. ಆಷಾಢದಲ್ಲಿ ಯಾರೂ ಮದುವೆ ಮಾಡುವುದಿಲ್ಲ ಎಂದು ಸರೋಜವ್ವ ಹೇಳಿದರೆ, "ಅಜ್ಜೀ, ಆಕಿ ಆಷಾಢದಾಗ ಹುಟ್ಟಿ ಆಷಾಢದಾಗ ಹೋಗ್ತಾಳ. ಮತ್ಯಾವಾಗ ಮಾಡ್ಕೋಬೇಕು?" ಎಂದು ಅಜ್ಜಿಯ ಬಾಯಿ ಮುಚ್ಚಿಸಿದಳು. ಪಕ್ಕದ ಮನೆಯಲ್ಲಿ ಹೊಲಿಗೆ ಹಾಕುವ ನೂರಜಹಾನ ಜರಿಯ ತುಂಡು ಕೊಟ್ಟಳು. ಹೆಣ್ಣು ಸಿದ್ಧ, ಗಂಡಿಲ್ಲ.

ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ ಉಳಿವೆಪ್ಪಜ್ಜನ ಮುಂದೆ ನೀಲಿ ಹೋಗಿ ನಿಂತು, ನಿಮ್ಮ ಮಗನಿಗೆ ನಮ್ಮ ಹುಡುಗಿಯನ್ನು ತಗೊಳ್ಳುತ್ತೀರೇನು ಎಂದು ಕೇಳಿದಳು. ಮುದುಕ ಚಹಾದ ಬಸಿ ಕೆಳಗಿಟ್ಟ.

"ಹುಡಿಗಿಗೆ ಏನೇನು ಬರತೈತಿ?"

"ರೊಟ್ಟಿ ಬಡೀತಾಳ್ರಿ. ಶಾಸನ ಓದತಾಳ್ರಿ."

"ಹಂಗಾದ್ರ ಮಾತಾಡೂಣು," ಎಂದ.

ಅಂದು ಸಂಜೆ ಅವನು ಮಗನನ್ನು ತಾನೇ ಮಾಡಿಕೊಂಡು ಬಂದ. ಕೆರೆಯ ಜಿಗಟು ಮಣ್ಣಿನ ಗಂಡು, ತಲೆಗೆ ಬೆರಳಷ್ಟು ರುಮಾಲು, ಹಣೆಗೆ ಮೂರೆಳೆ ವಿಭೂತಿ. ತಾನೂ ಮಡಿ ಧೋತರ ಉಟ್ಟಿದ್ದ. ಸರೋಜವ್ವ ಸೋಬಾನ ಹಾಡಿದಳು, ಓಣಿಯ ಹುಡುಗರು ಅಕ್ಕಿಕಾಳು ಹಾಕಿದರು. ಆಗ ಉಳಿವೆಪ್ಪಜ್ಜ ಸೊಂಟದ ಗಂಟು ಬಿಚ್ಚಿ ಒಂದು ಸಣ್ಣ ಬೆಳ್ಳಿ ಕಡಗ ತೆಗೆದ. ತಾನು ಕೂಸಿದ್ದಾಗ ತಾಯಿ ಹಾಕಿದ್ದು. ಸೊಸೆಯ ಕಾಲಿಗೆ ದೊಡ್ಡದಾಯಿತೆಂದು ಕೊರಳಿಗೆ ಹಾಕಿದ. ಇನ್ನು ನೀವು ನಮಗೆ ಬೀಗರು ಎಂದು ನೀಲಿ ಅಜ್ಜನ ಕಾಲಿಗೆ ನಮಸ್ಕಾರ ಮಾಡಿದಳು. ಮುಂದಿನ ಮಂಗಳವಾರ ಬುತ್ತಿ ಕಟ್ಟಿಕೊಂಡು ಹೆಣ್ಣನ್ನು ಕಳಿಸಿಕೊಡುತ್ತೇವೆ ಎಂದಳು. ಎಲ್ಲಿ ಕೇಳಿದ್ದಳೋ ಆ ಮಾತನ್ನು. ಅಜ್ಜ ಮಗನನ್ನು ರುಮಾಲಿನ ಸೆರಗಿನಲ್ಲಿ ಸುತ್ತಿಕೊಂಡು, ಬೀಗರ ಹಾಗೆ ಎದೆ ಮುಂದೆ ಮಾಡಿ, ನಗುತ್ತಾ ಹೋದ.

ಮರುದಿನ ಸರೋಜವ್ವ ಮೊದಲ ಬಸ್ಸಿಗೆ ತಡಸದ ಮಗಳ ಮನೆಗೆ ಹೋದಳು. ತನುಜಾ ಪಡಸಾಲೆ ಕಸ ಹೊಡೆಯುವಾಗ ಗೋಡೆಯ ಗೂಡಿನಲ್ಲಿ ಗುಳ್ಳವ್ವ, ಅವಳ ಕೊರಳಲ್ಲಿ ಬೆಳ್ಳಿ. ತನುಜಾ ಹಿರೇಕೆರೂರಿನ ಅಂಗಡಿಯ ಮನೆಯವಳು. ಯಾರಾದರೂ ಮರೆತು ಬಿಟ್ಟುಹೋದ ಚೀಲವನ್ನು ಅವಳ ಅಪ್ಪ ರಾತ್ರಿ ಮನೆಯಲ್ಲಿ ಇಟ್ಟುಕೊಂಡವನಲ್ಲ. ಅವರವರದು ಅವರವರಿಗೆ ಎಂಬುದು ಅವಳಿಗೆ ಹಾಲಿನೊಂದಿಗೆ ಬಂದ ಬುದ್ಧಿ. ಒಂಟಿ ಮುದುಕನ ತಾಯಿಯ ಬೆಳ್ಳಿ ಹುಡುಗರ ಆಟದಲ್ಲಿ ಕಳೆದರೆ ಏನು ಗತಿ? ಕಡಗವನ್ನು ಅರಿವೆಯಲ್ಲಿ ಸುತ್ತಿ, ಅವನು ಹಾಲು ತಂದಾಗ ಕೈಗಿಟ್ಟಳು. ಆಟ ಮುಗಿಯಿತಲ್ಲ ಅಜ್ಜಾರ, ನಿಮ್ಮದು ನಿಮ್ಮ ಹತ್ತಿರ ಇರಲಿ ಎಂದಳು. ಒಳಗಿನಿಂದ ನೋಡುತ್ತಿದ್ದ ಮಗಳಿಗೂ ಅದನ್ನೇ ಹೇಳಿದಳು: ಆಟ ಮುಗಿಯಿತು.

ಅಜ್ಜ "ಹೂಂ ಆತವ್ವ" ಎಂದ. ಚಹಾ ಬೇಡವೆಂದ. ಅವತ್ತು ಅವನ ತಲೆಯ ಮೇಲೆ ಹೊಸ ರುಮಾಲು ಇತ್ತು ಎಂಬುದು ತನುಜಾಳಿಗೆ ಆಮೇಲೆ ನೆನಪಾಯಿತು.

ಸರೋಜವ್ವ ತಡಸದಿಂದ ಮರಳಿದ್ದು ಭಾನುವಾರ ಸಂಜೆ. ಈ ಸೋಮವಾರ ಮುಂಜಾನೆ ಅವಳು ಲಿಂಗಪೂಜೆ ಮುಗಿಸಿ, ಅಂಗೈಯ ಲಿಂಗವನ್ನು ಕಣ್ಣಿಗೊತ್ತಿ ಕರಡಿಗೆಯೊಳಗಿಟ್ಟು ಏಳುವ ತನಕ ತನುಜಾ ಕಂಬಕ್ಕೆ ಆತು ನಿಂತಿದ್ದಳು. ಆಮೇಲೆ ಒಂದೊಂದಾಗಿ ಎಲ್ಲ ಹೇಳಿದಳು. ಕಡಗದ ಮಾತು ಬಂದಾಗ ಸರೋಜವ್ವ ಅಲ್ಲೇ ಕುಳಿತುಬಿಟ್ಟಳು.

"ಗಂಡಿನ ಕಡಿಯವ್ರು ಹೆಣ್ಣಿನ ಕೊರಳಿಗೆ ಹಾಕಿದ್ದನ್ನ ತಿರುಗಿಸಿ ಕೊಟ್ಟಿಯೇನ, ತನುಜಾ?"

ತನುಜಾಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಕಾಲಿನ ಕೆಳಗಿನ ಹಾಸುಗಲ್ಲು ತಣ್ಣಗಾಯಿತು. ಯಾವ ಮನೆತನದಲ್ಲಾದರೂ ಗಂಡಿನ ಕಡೆಯವರು ಇಟ್ಟ ಒಡವೆ ಮರುದಿನ ತಿರುಗಿ ಹೋಯಿತೆಂದರೆ ಅದಕ್ಕೆ ಒಂದೇ ಅರ್ಥ. ಮಾತು ಮುರಿಯಿತು, ನೀವು ಯಾರೋ ನಾವು ಯಾರೋ.

"ಅದು ಆಟರಿ, ಅತ್ತಿ. ನಾ ಹಂಗ ಅಂತ ತಿಳದ..."

"ಆಟನ. ಅವಗೂ ಗೊತ್ತೈತಿ. ಆದ್ರ ಹುಟ್ಟಿದಾಗಿಂದ ಅವನ್ನ ಯಾರೂ ಬೀಗರ ಅಂದಿದ್ದಿಲ್ಲ. ಒಂದು ರಾತ್ರಿ ಬೀಗ ಆಗಿ ಮಲಗಿದ್ದ."

ತಾನು ಈಗಲೇ ಹೋಗಿ ತಪ್ಪಾಯಿತೆಂದು ಕೇಳಿಕೊಳ್ಳುತ್ತೇನೆ ಎಂದು ತನುಜಾ ಸೆರಗು ಸರಿಮಾಡಿಕೊಂಡಳು. ಸರೋಜವ್ವ ಕೈ ಹಿಡಿದು ಕೂಡಿಸಿದಳು.

"ಅದೊಂದು ಮಾಡಬ್ಯಾಡ. ಅವಗ ಸಿಟ್ಟಿಲ್ಲವ್ವ, ನಾಚಿಕಿ ಬಂದೈತಿ. ನೀ ಹೋಗಿ ತಪ್ಪಾತು ಅಂದ್ರ, ಇಷ್ಟು ವಯಸ್ಸಾಗಿ ಹುಡುಗರ ಆಟಾನ ಖರೇ ಅಂತ ತಿಳಕೊಂಡ್ರೇನ್ರಿ ಅಂತ ಮಾರಿಗೆ ಅಂದಂಗ ಆಗತೈತಿ. ಹಾಲು ಇಡಾಕೂ ಬರಂಗಿಲ್ಲ ಆಮ್ಯಾಲ."

"ಮತ್ತೇನ ಮಾಡ್ಲಿರಿ?"

"ನಾಳೆ ಮಂಗಳವಾರ ಐತಿ. ಹೆಣ್ಣ ಕಳಸ್ತೇವಿ ಅಂತ ಮಾತು ಕೊಟ್ಟೇವಿ. ಕೊಟ್ಟ ಹೆಣ್ಣು ಇನ್ನೂ ನಮ್ಮ ಮನ್ಯಾಗ ಕುಂತೈತಿ."

ತನುಜಾ ಗೂಡು ನೋಡಿದಳು. ಗೂಡು ಖಾಲಿ ಇತ್ತು.

ಹಿತ್ತಲಿಗೆ ಓಡಿದಳು. ನೀಲಿ ಶಾಲೆಗೆ ಹೊರಟು ನಿಂತಿದ್ದಳು. ಗುಳ್ಳವ್ವ ಎಲ್ಲೆಂದು ಕೇಳಿದರೆ ಹುಡುಗಿ ಬೋಗುಣಿಗಳ ಸಾಲಿನ ಕಡೆ ಬೆರಳು ಮಾಡಿದಳು. ಬೋಗುಣಿಗಳನ್ನು ಕೋಳಿ ಕೆಡವಬಾರದೆಂದು ಅವಳನ್ನು ಕಾವಲಿಗೆ ಕೂಡಿಸಿದ್ದಳಂತೆ. ಕಾವಲಿದ್ದ ಜಾಗದಲ್ಲಿ ಈಗ ಜರಿಯ ತುಂಡೊಂದು ಒದ್ದೆ ಮಣ್ಣಿನ ಗುಡ್ಡೆಯ ಮೇಲೆ ಅಂಟಿಕೊಂಡಿತ್ತು. ಎರಡು ಗುಲಗಂಜಿ ಮಾತ್ರ ಕೆಂಪಗೆ ಹೊಳೆಯುತ್ತಿದ್ದವು. ಸುಡದ ಮಣ್ಣು, ಜರಡಿ ಮಳೆ. ಒಂದೇ ರಾತ್ರಿಯಲ್ಲಿ ಗುಳ್ಳವ್ವ ಕರಗಿ ಹೋಗಿದ್ದಳು.

ತನುಜಾ ಮಗಳನ್ನು ಬೈಯಲು ಬಾಯಿ ತೆರೆದು ಸುಮ್ಮನಾದಳು. ಯಾವ ಬಾಯಿಂದ ಬೈಯುವುದು? ಹಾಲು ಕಾಸುವಾಗ, ಅರಿವೆ ಒಗೆಯುವಾಗ, ಅವಳ ಕಣ್ಣು ಮತ್ತೆ ಮತ್ತೆ ಆ ಗುಡ್ಡೆಯ ಕಡೆಗೇ ಹೋಯಿತು. ಅದರ ಮೇಲೊಂದು ಮೊರ ಕವುಚಿ ಹಾಕಿ ಬಂದಳು. ಬಸವೇಶನಿಗೆ ಫೋನು ಹಚ್ಚಿ, ಬರುವಾಗ ಬೆಲ್ಲ ಕಡಲೆಬೇಳೆ ತರಬೇಕು, ಬೀಗರಿಗೆ ಬುತ್ತಿ ಕಟ್ಟುವುದಿದೆ ಎಂದಳು. ಯಾವ ಬೀಗರು ಎಂದು ಅವನು ಕೇಳಿದ. ಮನೆಗೆ ಬಾ, ಹೇಳುತ್ತೇನೆ ಎಂದು ಫೋನಿಟ್ಟಳು.

ಸಂಜೆ ನೀಲಿ ಶಾಲೆಯಿಂದ ಬಂದವಳೇ ಬೋಗುಣಿಗಳ ಕಡೆ ಹೊರಟಾಗ ತನುಜಾ ಅವಳನ್ನು ಮಡಿಲಿಗೆ ಎಳೆದುಕೊಂಡು, ನಾಳೆ ಗುಳ್ಳವ್ವನನ್ನು ಗಂಡನ ಮನೆಗೆ ಕಳಿಸಬೇಕು ಎಂದಳು.

"ಆ ಮದುವಿ ಮುಗೀತಲ್ಲವ್ವ," ಎಂದಳು ನೀಲಿ. "ನೀನ ಹೇಳಿದ್ದಿ, ಆಟ ಮುಗೀತು ಅಂತ."

ಎಂದೂ ಯಾವುದನ್ನೂ ನೆನಪಿಡದ ಮಗು ಇದೊಂದನ್ನು ನೆನಪಿಟ್ಟಿತ್ತು. ಹುಚ್ಚು ತಾನಾಗಿಯೇ ಹೋಯಿತೋ ನಾನೇ ಕಳಿಸಿದೆನೋ ಎಂದು ತನುಜಾಳಿಗೆ ಮೊದಲ ಸಲ ಅನುಮಾನ ಬಂತು.

"ಆಟ ಮುಗೀತು, ಖರೆ. ಬೀಗತನ ಮುಗದಿಲ್ಲ."

ನೀಲಿ ಅವ್ವನ ಮುಖ ನೋಡಿದಳು. "ಅದಕ್ಕನ ಅಜ್ಜ ಕುಂದ್ರಾಕ ಬರವಲ್ಲನೇನು?"

ತನುಜಾ ಹೌದೆಂದು ತಲೆಯಾಡಿಸಿದಳು. ಮಗು ಮಡಿಲಿಂದ ಇಳಿದು ಹೋಗಿ, ಮೊರ ಎತ್ತಿ ಗುಡ್ಡೆಯನ್ನು ಬೆರಳಿಂದ ಒತ್ತಿ ನೋಡಿತು. ಬೇರೆ ಹೆಣ್ಣು ಮಾಡಿದರೆ ಬೀಗರಿಗೆ ಮೋಸ ಮಾಡಿದಂತಾಗುತ್ತದೆ ಎಂದು ತನುಜಾ ತನ್ನಷ್ಟಕ್ಕೆ ಅಂದಳೋ ಏನೋ, ನೀಲಿ ತಿರುಗಿ, "ಬ್ಯಾರೇದು ಯಾಕ ಬೇಕು? ಮಣ್ಣು ಅದ ಐತಲ್ಲ. ಆಕಿ ಅದರಾಗ ಅದಾಳ," ಎಂದಳು. ಬಾಗಿಲಲ್ಲಿ ನಿಂತಿದ್ದ ಸರೋಜವ್ವ ಯಾರಿಗೂ ಕಾಣದಂತೆ ಕೊರಳ ಕರಡಿಗೆಯನ್ನು ಮುಟ್ಟಿಕೊಂಡಳು.

ತಾಯಿ ಮಗಳು ಪಡಸಾಲೆಯಲ್ಲಿ ಚೀಲ ಹಾಸಿ ಕುಳಿತರು. ತನುಜಾ ಮಣ್ಣು ಮುಟ್ಟದೆ ಎಷ್ಟು ವರ್ಷವಾಗಿತ್ತೋ. ಮೂಗು ಮಾಡಿದರೆ ಬಾಯಿ ಸೊಟ್ಟಾಗುತ್ತಿತ್ತು, ಬಾಯಿ ತಿದ್ದಿದರೆ ಮೂಗು ಬೀಳುತ್ತಿತ್ತು. ಬೆಲ್ಲ ಬೇಳೆಯ ಚೀಲ ಕೈಯಲ್ಲಿ ಹಿಡಿದು ಬಂದ ಬಸವೇಶ, ಗುಳ್ಳವ್ವ ಅವರವ್ವ ನೀಲಿಯ ಹಾಗೇ ಆಗುತ್ತಿದ್ದಾಳೆ ಎಂದು ಹೇಳಿ ಮಗಳಿಂದ ಬೈಸಿಕೊಂಡ. ತೊಳೆದ ಗುಲಗಂಜಿಗಳು ಮತ್ತೆ ಕಣ್ಣಾದವು. ಹೊಸ ಹುಡುಗಿ ಹಳೆಯವಳಿಗಿಂತ ತುಸು ಗಿಡ್ಡ. ಕರಗಿದ್ದು ಸ್ವಲ್ಪ ನೆಲಕ್ಕೂ ಸೇರಿತ್ತಲ್ಲ.

ಮಂಗಳವಾರ ಮುಂಜಾನೆ ಶಾಲೆಗೆ ಹೊತ್ತಾಗುವ ಮೊದಲು ಬುತ್ತಿ ಸಿದ್ಧವಾಯಿತು. ಖಟಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಕರಿಗಡಬು, ಮೊಸರನ್ನ. ಎಲ್ಲವನ್ನೂ ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ ಬಿಳಿ ಅರಿವೆ ಮುಚ್ಚಿದರು. ಸರೋಜವ್ವ ಬರಲಿಲ್ಲ, ಹೆತ್ತವರೇ ಹೋಗಿ ಒಪ್ಪಿಸಬೇಕು ಎಂದಳು. ತನುಜಾ ತಲೆತುಂಬ ಸೆರಗು ಹೊದ್ದು ಬುಟ್ಟಿಯನ್ನು ಸೊಂಟಕ್ಕೆ ಇಟ್ಟುಕೊಂಡಳು. ನೀಲಿ ಮೊರದಲ್ಲಿ ಹೆಣ್ಣನ್ನು ಕೂಡಿಸಿಕೊಂಡು ಮುಂದೆ ನಡೆದಳು. ಹನಿ ನಿಂತಿತ್ತು, ಹಂಚು ಇನ್ನೂ ತೊಟ್ಟಿಕ್ಕುತ್ತಿತ್ತು. ಹೊಲಿಗೆ ಯಂತ್ರದ ಮುಂದಿನಿಂದ ನೂರಜಹಾನ, ದಿಬ್ಬಣ ಎತ್ತ ಹೊರಟಿತೆಂದು ಕೇಳಿದಳು. ಓಣಿಯಲ್ಲಿ ಇನ್ನೂ ಮೂರು ನಾಲ್ಕು ಮುಖಗಳು ಬಾಗಿಲಿಗೆ ಬಂದವು. ತನುಜಾ ಹುಟ್ಟಿದಾಗಿನಿಂದ ಓಣಿಯಲ್ಲಿ ದನಿ ಎತ್ತಿ ಮಾತಾಡಿದವಳಲ್ಲ.

"ಬೀಗರ ಮನಿಗಿ," ಎಂದಳು, ತುದಿಯ ಮನೆಗೂ ಕೇಳುವಷ್ಟು.

ಉಳಿವೆಪ್ಪಜ್ಜ ಎಮ್ಮೆಯ ಮುಂದೆ ಹುಲ್ಲು ಹಾಕುತ್ತಿದ್ದವನು ಹಾಗೆಯೇ ನಿಂತ. ತನುಜಾ ಹೊಸ್ತಿಲ ಹೊರಗೇ ನಿಂತಳು. ಅವಳ ಕಣ್ಣು ಒಳಗೆ ಹೋಯಿತು. ದೇವರ ಜಗಲಿಯ ಪಕ್ಕದ ಗೂಡಿನಲ್ಲಿ ಮಣ್ಣಿನ ಮಗ ಕೂತಿದ್ದ. ಮುಂದೆ ನಾಲ್ಕು ಅಕ್ಕಿಕಾಳು, ಅರಿವೆಯಿಂದ ಬಿಚ್ಚಿಟ್ಟ ಕಡಗ. ಪಕ್ಕದ ಜಾಗ ಹಾಗೇ ಖಾಲಿ ಬಿಟ್ಟಿತ್ತು.

"ಬೀಗರ," ಎಂದಳು. ದನಿ ಈಗ ಸಣ್ಣದಾಗಿತ್ತು. "ಹೆಣ್ಣ ತಂದೇವ್ರಿ. ಮನಿ ತುಂಬಿಸ್ಕೋರಿ."

ಅಜ್ಜ ಕೈಯ ಹುಲ್ಲು ಕೊಡವಿದ. "ಆಟ ಮುಗೀತಂತಲ್ಲವ್ವ," ಎಂದ, ಅವಳ ಕಡೆ ನೋಡದೆ.

ಕ್ಷಮೆಯ ಮಾತು ತನುಜಾಳ ನಾಲಿಗೆಯ ತುದಿಗೆ ಬಂತು. ಅತ್ತೆಯ ಮಾತು ಅದನ್ನು ತಡೆಯಿತು. ಆಗ ಅವಳಿಗೆ ತನ್ನ ಮದುವೆಯ ದಿನ ಹಿರೇಕೆರೂರಿನ ಅಪ್ಪ ಇದೇ ಓಣಿಯಲ್ಲಿ, ಹೀಗೇ ಹೊಸ್ತಿಲ ಹೊರಗೆ ನಿಂತು ಕೈಮುಗಿದು ಆಡಿದ ಮಾತು ನೆನಪಾಯಿತು. ಹೆಣ್ಣು ಕೊಟ್ಟವರು ಎಲ್ಲರೂ ಆಡುವ ಮಾತೇ ಅದು. ತಪ್ಪು ಮಾಡಿದವರೂ ಆಡುತ್ತಾರೆ, ಮಾಡದವರೂ ಆಡುತ್ತಾರೆ. ಬುಟ್ಟಿ ಕೆಳಗಿಟ್ಟು ಕೈಮುಗಿದಳು.

"ನಾವು ಹೆಣ್ಣಿನ ಕಡಿಯವ್ರು. ನಮ್ಮಿಂದ ಒಂದು ಮಾತು ಹೆಚ್ಚು ಕಡಿಮಿ ಆಗಿದ್ರ ಹೊಟ್ಟ್ಯಾಗ ಹಾಕ್ಕೋರಿ."

ಮುದುಕ ಈಗ ಅವಳ ಮುಖ ನೋಡಿದ. ಅಲ್ಲಿ ನಗು ಇದೆಯೋ ಎಂದು ಹುಡುಕಿದ. ಇರಲಿಲ್ಲ. ಒಳಗೆ ಹೋದ. ಡಬ್ಬಿಗಳ ಸದ್ದಾಯಿತು. ಹೊರಬಂದಾಗ ಹೆಗಲ ವಲ್ಲಿ ರುಮಾಲಾಗಿ ತಲೆಗೇರಿತ್ತು, ಕೈಯಲ್ಲಿ ಜೋಳ ತುಂಬಿದ ಸಣ್ಣ ಬಟ್ಟಲಿತ್ತು. ಬಗ್ಗಿ ಅದನ್ನು ಹೊಸ್ತಿಲ ಮೇಲಿಟ್ಟ. ಸೇರು ಒದ್ದು ಒಳಗೆ ಬರುವ ಸೊಸೆಗೆ ಸೇರು ದೊಡ್ಡದಾಗುತ್ತದೆಂದು ಬಟ್ಟಲು ಹುಡುಕಿದ್ದ.

ನೀಲಿ ಗುಳ್ಳವ್ವನನ್ನು ಬಗ್ಗಿಸಿ ಬಲಗಾಲಿನಿಂದ ಬಟ್ಟಲು ತಳ್ಳಿದಳು. ಜೋಳ ಒಳಗೆ ಚೆಲ್ಲಿತು. ಹುಡುಗಿ ತುಸು ಗಿಡ್ಡಾಗಿದ್ದಾಳಲ್ಲ ಎಂದು ಅಜ್ಜ ಕೇಳಿದ್ದಕ್ಕೆ, ತವರು ಬಿಡುವ ದುಃಖಕ್ಕೆ ಕರಗಿದ್ದಾಳೆ ಎಂದು ನೀಲಿ ಹೇಳಿದಳು. ಅಜ್ಜ ಅದನ್ನು ಒಪ್ಪಿಕೊಂಡ. ಕಡಗ ಎತ್ತಿ ಸೊಸೆಯ ಕೊರಳಿಗೆ ಹಾಕಿ, ಗೂಡಿನಲ್ಲಿ ಮಗನ ಪಕ್ಕಕ್ಕೆ ಕೂಡಿಸಿದ. ಆಮೇಲೆ ಬೀಗರಿಗೆ ಹಾಲು ಕಾಸಲು ಒಲೆಯ ಮುಂದೆ ಕುಳಿತವನು ಹೊಗೆ ಹೊಗೆ ಎನ್ನುತ್ತಾ ಬಹಳ ಸಲ ಕಣ್ಣು ಒರೆಸಿಕೊಂಡ. ಕಟ್ಟಿಗೆ ಒಣಗಿಯೇ ಇತ್ತು.

ಬುಧವಾರ ಬೆಳಕು ಚೆನ್ನಾಗಿ ಹರಿದಿತ್ತು. ಹಿತ್ತಲಿನ ಬೋಗುಣಿಗಳೆಲ್ಲ ಅಡುಗೆಮನೆಗೆ ಮರಳಿದ್ದವು. ನೀಲಿ ಪಡಸಾಲೆಯ ಮೂಲೆಯಲ್ಲಿ ಬಸವನಹುಳಗಳಿಗೆ ಶಾಲೆ ತೆರೆದು ಹಾಜರಿ ಕರೆಯುತ್ತಿದ್ದಳು, ಯಾರೂ ಉತ್ತರ ಕೊಡುತ್ತಿರಲಿಲ್ಲ. ಒಲೆಯ ಮುಂದಿದ್ದ ತನುಜಾಳಿಗೆ ಕಟ್ಟೆಯ ಮೇಲೆ ತಂಬಿಗೆ ಇಟ್ಟ ಸಪ್ಪಳ ಕೇಳಿತು. ಅವಳು ಕೈಯಲ್ಲಿದ್ದ ಹಿಟ್ಟನ್ನು ಹಾಗೇ ಹಿಡಿದು ಕಿವಿಗೊಟ್ಟಳು. ಹೋಗುವ ಹೆಜ್ಜೆ ಕೇಳಲಿಲ್ಲ. ಕೇಳಿದ್ದು ಮುದುಕರು ಕೂಡುವಾಗ ಬಿಡುವ, ಶಿವನೇ ಎಂಬ ಉಸಿರು.

ಚಹಾ ಸೋಸಿ ಹೊರಗೆ ಹೋದಳು. ಉಳಿವೆಪ್ಪಜ್ಜ ಕಂಬಕ್ಕೆ ಬೆನ್ನು ಕೊಟ್ಟು ಕುಳಿತಿದ್ದ. ನೀಲಿ ಆಗಲೇ ಅವನನ್ನು ದೊಡ್ಡ ಇಯತ್ತೆಗೆ ಸೇರಿಸಿ, ಕೈಕಟ್ಟಿ ಕೂಡಲು ಹೇಳಿದ್ದಳು. ಬಸಿ ತೆಗೆದುಕೊಳ್ಳಲು ಅವನು ಕೈ ಬಿಚ್ಚಿ, ಮೊದಲು ಪಕ್ಕದಲ್ಲಿದ್ದ ಬಿದಿರಿನ ಬುಟ್ಟಿಯನ್ನು ಎತ್ತಿದ. ತೊಳೆದಿತ್ತು, ತಳಕ್ಕೆ ಬಿಳಿ ಅರಿವೆ ಮಡಿಸಿ ಹಾಕಿ, ಬೀಗರ ಬುಟ್ಟಿ ಬರಿದಾಗಿ ಹೋಗಬಾರದೆಂದು ಒಂದು ಬೊಗಸೆ ಜೋಳ ಹಾಕಿದ್ದ.

"ನಿಮ್ಮ ಬುಟ್ಟಿರಿ, ಬೀಗತಿ," ಎಂದು ಮೆಲ್ಲಗೆ ಹೇಳಿ ಅವಳ ಕೈಗಿಟ್ಟ.